ಕೊಡಗಿನ ಚಳಿಜ್ವರವೂ ದೇಹದ ಸ್ಮರಣಶಕ್ತಿಯೂ

ಮಡಿಕೇರಿಯ ಬಳಿ 1854ರಲ್ಲಿ ಫೌಲರ್ ಎಂಬವನು ಐರೋಪ್ಯರ ಮೊದಲ ಕಾಫಿತೋಟವನ್ನು ತೆರೆದ ಬಳಿಕ, ಕೂಲಿಯನ್ನರಸಿ ಮೈಸೂರು ಸೀಮೆಯ ಬಯಲುನಾಡಿನಿಂದ ಘಟ್ಟ ಹತ್ತಿ ಬಂದ ಸಹಸ್ರಾರು ಜನರಿಗೆ ಕೊಡಗಿನ ಮಳೆಗಿಂತಲೂ ಅಲ್ಲಿಯ ಚಳಿಜ್ವರವೇ ಹೆಚ್ಚಿನ ಭೀತಿಯನ್ನುಂಟುಮಾಡುತ್ತಿತ್ತು. ಕಟ್ಟುಮಸ್ತಾದ ಮೈಯುಳ್ಳ ಯುವಕನು ತೋಟದ ಲೈನುಮನೆಗೆ ಬಂದು ಕೆಲವು ವಾರ ಕಳೆಯುವುದರೊಳಗಾಗಿ ಕಂಬಳಿಯೊಳಗೆ ನಡುಗುತ್ತ ಮಲಗುತ್ತಿದ್ದನು. ಅಲ್ಲಿಯ ತೊರೆಯ ದಂಡೆಯಲ್ಲಿಯೇ ಹುಟ್ಟಿ ಬೆಳೆದ, ನೋಡಲು ಕೃಶನಾದ ಹಾಡಿಯ ನಿವಾಸಿಯಾದರೋ ಅವೇ ಸೊಳ್ಳೆಗಳಿಂದ ಕಚ್ಚಿಸಿಕೊಂಡೂ ತನ್ನ ಕೆಲಸಕಾರ್ಯಗಳಲ್ಲಿ ತೊಡಗಿರುತ್ತಿದ್ದನು. ಇಲ್ಲಿಯ ನೀರು ಇವರಿಗೆ ಒಗ್ಗಿದೆ, ಹೊರಗಿನವರಿಗೆ ಒಗ್ಗಿಲ್ಲ ಎಂದು ಜನರು ಇದಕ್ಕೆ ಸಮಾಧಾನ ಹೇಳುತ್ತಿದ್ದರು. ರೋಗದ ಮೂಲವು ನೀರಲ್ಲ, ಘಟ್ಟದ ತೊರೆಗಳ ತಿಳಿನೀರಿನಲ್ಲಿ ಮರಿಮಾಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯು ಹೊತ್ತು ತರುವ ಪರಾವಲಂಬಿ ಜೀವಿ. ಆದರೆ ಒಗ್ಗುವುದೆಂಬ ಮಾತಿನಲ್ಲಿ ಮಾತ್ರ ಸತ್ಯಾಂಶವಿತ್ತು.

ಈ ಒಗ್ಗಿಕೆ ದೇಹಕ್ಕೆ ಬರುವುದೆಂತು? ಚರ್ಮ, ಮೂಗು ಗಂಟಲುಗಳ ಲೋಳೆಪೊರೆ, ಜಠರದ ಆಮ್ಲ ಇವೆಲ್ಲ ಹುಟ್ಟಿನಿಂದಲೇ ನಮಗಿರುವ ರಕ್ಷಣೆಗಳು. ಇವನ್ನು ದಾಟಿ ಬಂದ ಸೂಕ್ಷ್ಮಜೀವಿಗಳನ್ನು ನುಂಗಿ ಜೀರ್ಣಿಸುವ ಕಣಗಳೂ ನಮ್ಮೊಳಗಿವೆಯೆಂಬ ಕಲ್ಪನೆಯು, 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕಣಗಳು ಮುತ್ತಿದುದನ್ನು ಕಂಡ ಜೀವವಿಜ್ಞಾನಿ ಮೆಚ್ನಿಕಾಫನಿಗೆ ಹೊಳೆಯಿತು. ಈ ಜನ್ಮಜಾತ ರಕ್ಷಣೆಯು ತತ್‌ಕ್ಷಣ ಒದಗತಕ್ಕದ್ದು. ಆದರೆ ಬಂದ ರೋಗಾಣುವು ಹಿಂದೆ ಬಂದದ್ದೇ, ಹೊಸತೇ ಎಂಬ ಪರಿಜ್ಞಾನ ಅದಕ್ಕೆ ಬಹುಮಟ್ಟಿಗೆ ಇಲ್ಲ.

ಆ ಪರಿಜ್ಞಾನವು ಬೇರೊಂದೆಡೆಯಲ್ಲಿ ಬೆಳೆಯುತ್ತದೆ. ಮಳೆಗಾಲದಲ್ಲಿ ತೋಟದ ಕೆಲಸ ಮಾಡಿದವರೆಲ್ಲ ಇದನ್ನು ತಮ್ಮ ಮೈಯಲ್ಲಿಯೇ ಮುಟ್ಟಿ ನೋಡಿರಬಹುದು: ಇಂಬಳ ಕಚ್ಚಿದ ಕಾಲನ್ನು ಕೆರೆದು ಗಾಯ ಕೀವಾದಾಗ ತೊಡೆಯ ಸಂದಿಯಲ್ಲಿ ನೋಯುವ ಗಡ್ಡೆಯೊಂದು ಏಳುತ್ತದೆ. ಅದು ದುಗ್ಧಗ್ರಂಥಿ. ಗಾಯದಿಂದ ಹರಿದುಬಂದ ರೋಗಾಣುವಿನ ಅಂಶಗಳು ಅಲ್ಲಿ ದುಗ್ಧಕಣಗಳ ಮುಂದೆ ಹಾಯುತ್ತವೆ. ಇಲ್ಲಿಯ ವಿಸ್ಮಯವೇನೆಂದರೆ, ರೋಗಾಣುವನ್ನು ಕಂಡಮೇಲೆ ಅದಕ್ಕೆ ತಕ್ಕಂತೆ ಕಣಗಳು ರೂಪುಗೊಳ್ಳುವುದಿಲ್ಲ. ಒಂದೊಂದು ಕಣವೂ ಒಂದೊಂದು ಆಕಾರವನ್ನು ಮಾತ್ರ ಹಿಡಿಯಬಲ್ಲ ಗ್ರಾಹಕವನ್ನು ಮೊದಲೇ ಹೊತ್ತಿರುತ್ತದೆ, ಕೋಟ್ಯಂತರ ಬಗೆಯ ಕಣಗಳಲ್ಲಿ ಯಾವುದಕ್ಕೆ ಬಂದ ರೋಗಾಣುವು ಹೊಂದಿಕೊಳ್ಳುವುದೋ ಅದೊಂದೇ ಇಮ್ಮಡಿ ಮುಮ್ಮಡಿಯಾಗಿ ಸಂತಾನವನ್ನು ಬೆಳೆಸುತ್ತದೆ. 1957ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಪ್ರತಿಪಾದಿಸಿದ ಈ ತತ್ತ್ವವನ್ನು ನಾನು ಜೀವಶಾಸ್ತ್ರದ ಅತ್ಯಂತ ಸುಂದರವಾದ ವಿಚಾರಗಳಲ್ಲೊಂದೆಂದು ಭಾವಿಸುತ್ತೇನೆ. ಹೀಗೆ ಹೆಚ್ಚಿದ ಕಣಗಳಲ್ಲಿ ಕೆಲವು ಪ್ರತಿಕಾಯಗಳನ್ನು ರಕ್ತಕ್ಕೆ ಸುರಿಸುತ್ತವೆ, ಕೆಲವು ರೋಗ ಹೊಕ್ಕ ಜೀವಕೋಶಗಳನ್ನೇ ನಾಶಮಾಡುತ್ತವೆ. ಈ ಕಾರ್ಯಕ್ಕೆ ಮೊದಲ ಸಲ ವಾರವೋ ಹೆಚ್ಚೋ ಹಿಡಿಯುವುದರಿಂದಲೇ ನಾವು ಕಾಯಿಲೆ ಬೀಳುವುದು. ರೋಗ ಇಳಿದ ಮೇಲೆ ಈ ಕಣಗಳಲ್ಲಿ ಬಹುಪಾಲು ಸಾಯುತ್ತವೆ; ಗದ್ದೆಯ ಬೆಳೆಯೆಲ್ಲ ಉಂಡು ತೀರಿದರೂ ಬೀಜದ ಭತ್ತವನ್ನು ಒಕ್ಕಲಿಗನು ಬೇರೆಯಾಗಿ ತೆಗೆದಿರಿಸುವಂತೆ, ಅಲ್ಪಸಂಖ್ಯೆಯ ಸ್ಮೃತಿಕಣಗಳು ಮಾತ್ರ ಉಳಿಯುತ್ತವೆ. ಆ ರೋಗಾಣುವು ಮರಳಿ ಬಂದರೆ ಇವು ಅತಿ ಶೀಘ್ರವಾಗಿ ವೃದ್ಧಿಹೊಂದಿ, ರೋಗವು ತಲೆದೋರುವ ಮೊದಲೇ ಅದನ್ನು ಅಡಗಿಸುತ್ತವೆ.

ಈ ಸ್ಮೃತಿಯ ಆಯುಷ್ಯ ಅಚ್ಚರಿ ತರುವಂಥದು. ಫೆರೋ ದ್ವೀಪಗಳಿಗೆ 1846ರಲ್ಲಿ ದಡಾರ ಹೊಕ್ಕಾಗ, 1781ರ ದಡಾರದಲ್ಲಿ ನರಳಿ ಬದುಕಿದ್ದ ವೃದ್ಧರಿಗೆ ಅದು ಮತ್ತೆ ತಗಲಲಿಲ್ಲವೆಂದು ಡೆನ್ಮಾರ್ಕಿನ ತರುಣ ವೈದ್ಯ ಪ್ಯಾನಮ್ ಬರೆದಿಟ್ಟನು. 65 ವರ್ಷಗಳ ಕಾಲ ಆ ದೇಹಗಳು ಮರೆತಿರಲಿಲ್ಲ. ಆದರೆ ನೆನಪು ಕಂಡ ರೋಗಕ್ಕೆ ಮಾತ್ರ ಸಲ್ಲುತ್ತದೆ. ಮೈಯ ಪುಷ್ಟಿ ಅದಕ್ಕೆ ಬದಲಾಗಲಾರದು. ಪ್ರತಿಕಾಯವು ಕಂಡದ್ದನ್ನು ಮಾತ್ರ ಹಿಡಿಯುವುದೆಂಬುದಕ್ಕೆ ಹಾವಿನ ಮದ್ದೇ ಸಾಕ್ಷಿ: ನಮ್ಮಲ್ಲಿ ಕುದುರೆಯ ರಕ್ತದಿಂದ ಸಿದ್ಧಪಡಿಸುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಒಡ್ಡಿದ ಕುದುರೆಯ ಪ್ರತಿಕಾಯಗಳಿಂದಾದುದು. ಕಾಫಿಗಿಡಗಳ ಬುಡದ ತರಗೆಲೆಯಲ್ಲಿ ಸುರುಳಿಸುತ್ತಿ ಮಲಗುವ ಗುಳಿಮಂಡಲದ ಕಡಿತಕ್ಕೆ ಅದರಿಂದ ಪ್ರಯೋಜನವಿಲ್ಲ.

ಇನ್ನು ಕೊಡಗಿನ ಆ ಚಳಿಜ್ವರದ, ಎಂದರೆ ಮಲೇರಿಯಾದ, ಮಾತು. ದಡಾರದ ವಿಷಯದಲ್ಲಿ ಒಂದೇ ಸಲಕ್ಕೆ ಆಗುವ ಪಾಠವು ಇದರಲ್ಲಿ ಹಲವು ವರ್ಷಗಳಾದರೂ ಪೂರ್ಣವಾಗುವುದಿಲ್ಲ. ಪರಾವಲಂಬಿಯು ಕೆಂಪು ರಕ್ತಕಣದೊಳಗೆ ಅಡಗಿರುತ್ತದೆ. ಅದರ ಅತ್ಯಂತ ಉಗ್ರವಾದ ಜಾತಿಯು ಆ ಕಣದ ಮೇಲ್ಮೈಗೆ ತಳ್ಳುವ ಪ್ರೋಟೀನನ್ನು ಆಗಾಗ ಬದಲಿಸುತ್ತದೆ, ಇದಕ್ಕಾಗಿ ಸುಮಾರು 60 ಜೀನುಗಳ ಭಂಡಾರವೇ ಅದರಲ್ಲಿದೆ. ಒಂದು ರೂಪಕ್ಕೆ ಪ್ರತಿಕಾಯ ಸಿದ್ಧವಾಗುವಷ್ಟರಲ್ಲಿ ಇನ್ನೊಂದು ರೂಪ ತಲೆಯೆತ್ತಿರುತ್ತದೆ. ಜ್ವರವು ಮರಳಿ ಮರಳಿ ಬಂದು ಈ ನಾನಾ ರೂಪಗಳ ಪರಿಚಯವಾದ ಮೇಲೆಯೇ ದೇಹಕ್ಕೆ ಅರೆಯಾದ ಶಕ್ತಿ ಬರುತ್ತದೆ: ರಕ್ತದಲ್ಲಿ ಪರಾವಲಂಬಿ ಉಳಿದಿದ್ದರೂ ಜ್ವರ ಕಾಣಿಸದು. ಈ ಶಕ್ತಿಯು ಪ್ರತಿಕಾಯಗಳಲ್ಲಿ ನೆಲೆಸಿದೆಯೆಂಬುದು 1961ರಲ್ಲಿ ಗ್ಯಾಂಬಿಯಾದಲ್ಲಿ, ಪ್ರಾಯಸ್ಥರ ರಕ್ತದಿಂದ ಬೇರ್ಪಡಿಸಿದ ಗ್ಯಾಮಾ ಗ್ಲಾಬ್ಯುಲಿನನ್ನು ಮಲೇರಿಯಾ ಪೀಡಿತ ಮಕ್ಕಳಿಗೆ ಚುಚ್ಚಿದಾಗ ಅವರ ರಕ್ತದ ಪರಾವಲಂಬಿಗಳು ಕುಗ್ಗಿದುದರಿಂದ ಸ್ಥಿರಪಟ್ಟಿತು. ಜ್ವರದ ಸೀಮೆಯನ್ನು ಬಿಟ್ಟು ಕೆಲವು ವರ್ಷ ದೂರವಿದ್ದವನಲ್ಲಿ ಈ ಶಕ್ತಿ ಸವೆಯುತ್ತದೆ. ಊರಿಗೆ ಮರಳಿದಾಗ ಅವನೂ ಹೊರಗಿನವನಂತೆಯೇ ಹಾಸಿಗೆ ಹಿಡಿಯಬಹುದು.

ನೀರು ಒಗ್ಗಿದೆಯೆಂಬ ಮಾತಿನಲ್ಲಿ ಮುಚ್ಚಿಹೋಗಿದ್ದ ಸಂಗತಿ ಇನ್ನೊಂದುಂಟು. ಜಾವಾ ಮತ್ತು ನ್ಯೂಗಿನಿಗಳಲ್ಲಿ ವೈದ್ಯವಿಜ್ಞಾನಿ ರಾಬರ್ಟ್ ಕಾಕ್ 1899-1900ರ ಸುಮಾರಿಗೆ ಮನೆಮನೆಯವರ ರಕ್ತವನ್ನು ಪರೀಕ್ಷಿಸಿದಾಗ, ಪ್ರಾಯಸ್ಥರು ಸುಖವಾಗಿದ್ದ ಹಳ್ಳಿಗಳಲ್ಲಿಯೇ ಎಳೆಯ ಮಕ್ಕಳ ರಕ್ತದಲ್ಲಿ ಪರಾವಲಂಬಿ ತುಂಬಿತ್ತು. ಊರೊಂದರಲ್ಲಿ ಮಲೇರಿಯಾ ಎಷ್ಟರಮಟ್ಟಿಗೆ ನೆಲೆನಿಂತಿದೆಯೆಂದು ಅಳೆಯಲು ಮಕ್ಕಳ ಹೊಟ್ಟೆಯ ಎಡಭಾಗವನ್ನು ಅಮುಕಿ, ಜ್ವರಗಡ್ಡೆ ಎಂದು ನಮ್ಮ ಜನರು ಕರೆಯುವ ಊದಿದ ಗುಲ್ಮ ಕೈಗೆ ಸಿಕ್ಕುವ ಮಕ್ಕಳು ನೂರಕ್ಕೆ ಎಷ್ಟು ಮಂದಿ ಎಂದು ವೈದ್ಯರು ಎಣಿಸುತ್ತಿದ್ದರು. ಒಗ್ಗಿದ್ದು ಬದುಕಿ ಉಳಿದವರಿಗೆ. ಒಗ್ಗುವ ಮೊದಲೇ ತೀರಿಹೋದ ಕಂದಮ್ಮಗಳು ಆ ಲೆಕ್ಕಕ್ಕೆ ಬರಲೇ ಇಲ್ಲ. ಕಾಡಿನ ಜನಕ್ಕೆ ಜ್ವರದ ಭಯವಿಲ್ಲವೆಂದು ಯಾರಾದರೂ ಹಗುರವಾಗಿ ಬರೆದಿರುವುದನ್ನು ಓದುವಾಗಲೆಲ್ಲ ನನ್ನ ಮನಸ್ಸಿಗೆ ಬಹಳ ವ್ಯಥೆಯಾಗುತ್ತದೆ.

1953ರಲ್ಲಿ ದೇಶದಾದ್ಯಂತ ಆರಂಭವಾದ ಮಲೇರಿಯಾ ನಿಯಂತ್ರಣ ಯೋಜನೆಯು ಮನೆಗಳ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಸೊಳ್ಳೆಯ ಬಲವನ್ನು ಮುರಿಯಿತು. ಕೊಡಗಿನ ಇಂದಿನ ಮಕ್ಕಳಿಗೆ ತಮ್ಮ ಅಜ್ಜಂದಿರಿಗಿದ್ದ ಆ ಒಗ್ಗಿಕೆಯಿಲ್ಲ, ಇಲ್ಲದಿರುವುದೇ ಕ್ಷೇಮ. ರೋಗವನ್ನು ಅನುಭವಿಸದೆ ಅದರ ಪರಿಚಯವನ್ನಷ್ಟೇ ದೇಹಕ್ಕೆ ಮಾಡಿಕೊಡುವ ಲಸಿಕೆಯು ಮಲೇರಿಯಾಕ್ಕೆ ಒದಗಲು ಬಹುಕಾಲ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಮೊದಲನೆಯದನ್ನೂ, 2023ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಎರಡನೆಯದನ್ನೂ ಮಕ್ಕಳಿಗಾಗಿ ಶಿಫಾರಸು ಮಾಡಿತು. ಸೊಳ್ಳೆ ಕಚ್ಚಿದ ಬಳಿಕ ಪರಾವಲಂಬಿಯು ಯಕೃತ್ತನ್ನು ಸೇರುವುದರೊಳಗೆ, ಇನ್ನೂ ತನ್ನ ರೂಪವನ್ನು ಬದಲಿಸತೊಡಗದ ಆ ಅಲ್ಪಾವಧಿಯಲ್ಲಿಯೇ ಅದನ್ನು ಪ್ರತಿಕಾಯಗಳು ಹಿಡಿಯಬೇಕೆಂಬುದು ಈ ಎರಡರ ಹವಣಿಕೆ. ತಪ್ಪಿಸಿಕೊಂಡ ಕೆಲವು ಪರಾವಲಂಬಿಗಳೇ ಜ್ವರ ತರಲು ಸಾಕಾಗುವುದರಿಂದ, ನಾಲ್ಕು ಸಲ ಚುಚ್ಚಿಸಿಕೊಂಡರೂ ರಕ್ಷಣೆ ಪೂರ್ಣವಲ್ಲ.