ಕೊಬ್ಬರಿ ದುಡ್ಡಿನಲ್ಲಿ ಕಂಪನಿ ಹೆಸರಿನ ಅಂಗಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನ ಕೈಗೆ ದುಡ್ಡು ಬರುವ ರೀತಿಯೇ ಬೇರೆ. ಕಾಯಿ ಕೆಡವಿ ಅಟ್ಟಕ್ಕೇರಿಸಿದರೆ ಅದು ಉಂಡೆ ಕೊಬ್ಬರಿಯಾಗಲು 10–12 ತಿಂಗಳು ಬೇಕು. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ಮಾರುಕಟ್ಟೆಗೆ ಸಾಗಿಸಿದ ದಿನ ಒಟ್ಟಿಗೇ ಹಣ. ಆ ಹಣವೂ ವರ್ಷದಿಂದ ವರ್ಷಕ್ಕೆ ಒಂದೇ ಸಮನಲ್ಲ. 2023ರಲ್ಲಿ ಕ್ವಿಂಟಲ್ಲಿಗೆ 8 ಸಾವಿರದ ಆಸುಪಾಸಿಗೆ ಕುಸಿದಿದ್ದ ಧಾರಣೆ 2025ರಲ್ಲಿ 20 ಸಾವಿರ ದಾಟಿತು. ಆ ಸಾಲಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ಬೆಂಬಲ ಬೆಲೆ 12,100 ರೂ.

ಧಾರಣೆ ಏರಿದ ವರ್ಷ ಮನೆಯಲ್ಲಿ ಎರಡು ಲಕ್ಷ ನಿಂತರೆ, ಓದಿ ಮನೆಯಲ್ಲೇ ಕುಳಿತ ಮಗನಿಗೋ ಸೊಸೆಗೋ ಒಂದು ಅಂಗಡಿ ಹಾಕಿಕೊಡೋಣವೆಂಬ ಮಾತು ಬರುವುದು ಸಹಜ. ಹೊಸ ಅಂಗಡಿಗೆ ಹೆಸರು ಗಳಿಸುವುದು ಕಷ್ಟ. ಹೆಸರಾಂತ ಕಂಪನಿಯ ಫಲಕವನ್ನೇ ತಂದು ಹಾಕಿದರೆ ಗಿರಾಕಿ ತಾನಾಗಿ ಬರುತ್ತಾನೆ. ಇದಕ್ಕೇ ಫ್ರಾಂಚೈಸಿ ಎನ್ನುವುದು. ಹೆಸರು, ಸರಕು, ಅಂಗಡಿಯ ಕ್ರಮ ಅವರದು. ಬಂಡವಾಳ, ಬಾಡಿಗೆ, ದುಡಿಮೆ ನಮ್ಮದು. ಗೊಬ್ಬರದ ಏಜೆನ್ಸಿ, ಪತ್ರಿಕೆಯ ಏಜೆನ್ಸಿ ಕಂಡ ನಮ್ಮ ರೈತರಿಗೆ ಇದು ತೀರಾ ಹೊಸದೇನಲ್ಲ. ಆದರೆ ತೆಂಗಿನ ಮರ ಒಂದು ವರ್ಷ ಕೈಕೊಟ್ಟರೂ ಮರುವರ್ಷ ಫಲ ಬಿಡುತ್ತದೆ. ಫ್ರಾಂಚೈಸಿಗೆ ಸುರಿದ ಹಣ ಹಾಗಲ್ಲ.

ಒಂದು ಲೆಕ್ಕವನ್ನೇ ನೋಡೋಣ. ಅಮುಲ್ ಸಂಸ್ಥೆ ತನ್ನ ಸಣ್ಣ ಮಳಿಗೆಗೆ ಪ್ರಕಟಿಸಿದ ಅಂದಾಜು ಹೀಗಿತ್ತು: 100ರಿಂದ 150 ಚದರಡಿ ಜಾಗ, ಒಟ್ಟು ಸುಮಾರು 2 ಲಕ್ಷ ರೂ. ಅದರಲ್ಲಿ ಅರ್ಧದಷ್ಟು ಅಂಗಡಿ ಸಜ್ಜುಗೊಳಿಸುವುದಕ್ಕೆ, 25 ಸಾವಿರ ಭದ್ರತಾ ಹಣ, ಉಳಿದದ್ದು ಫ್ರೀಜರ್ ಮೊದಲಾದ ಸಾಮಗ್ರಿಗೆ. ವ್ಯಾಪಾರದಲ್ಲಿ ಪಾಲು ಕೇಳುವುದಿಲ್ಲ. ಲಾಭಾಂಶ ಪ್ಯಾಕೆಟ್ ಹಾಲಿಗೆ ಶೇ. 2.5, ಹಾಲಿನ ಪದಾರ್ಥಗಳಿಗೆ ಶೇ. 10, ಐಸ್‌ಕ್ರೀಮಿಗೆ ಶೇ. 20.

ಕೇಳುವುದಕ್ಕೆ ಹಿತವಾಗಿದೆ. ಈಗ ಪೆನ್ಸಿಲ್ ಹಿಡಿಯೋಣ. ಲೀಟರಿಗೆ 50 ರೂ. ಎಂದಿಟ್ಟುಕೊಂಡು ದಿನಕ್ಕೆ 100 ಲೀಟರ್ ಹಾಲು ಮಾರಿದರೆ ಸಿಕ್ಕುವುದು 125 ರೂ. ಬೆಣ್ಣೆ, ತುಪ್ಪ, ಮೊಸರು ಸೇರಿ 1,000 ರೂ. ವ್ಯಾಪಾರವಾದರೆ 100, ಐಸ್‌ಕ್ರೀಮ್ 500 ರೂಪಾಯಿಯಷ್ಟು ಹೋದರೆ ಮತ್ತೊಂದು 100. ದಿನಕ್ಕೆ 325, ತಿಂಗಳಿಗೆ 9,750. ಬಾಡಿಗೆ 3,000, ಕರೆಂಟಿಗೆ 2,000 ಕಳೆದರೆ 4,750. ಆ 2 ಲಕ್ಷವನ್ನು ಶೇ. 12ರ ಬಡ್ಡಿಗೆ ತಂದಿದ್ದರೆ ತಿಂಗಳಿಗೆ ಇನ್ನೂ 2,000 ಹೋಯಿತು. ಉಳಿದ 2,750 ರೂ. ನಸುಕಿನ ಐದಕ್ಕೆ ಬಾಗಿಲು ತೆರೆದು ರಾತ್ರಿ ಒಂಬತ್ತರವರೆಗೆ ಕೂರುವವನ ಕೂಲಿ! ಮಳಿಗೆ ಸ್ವಂತದ್ದಾಗಿ, ಸಾಲವೂ ಇಲ್ಲದಿದ್ದರೆ ಇದೇ ವ್ಯಾಪಾರ 7,750 ಕೊಡುತ್ತದೆ. ಕಂಪನಿ ಒಂದೇ, ಸರಕು ಒಂದೇ. ಅಂಗಡಿ ಯಾರದು, ಹಣ ಯಾರದು ಎಂಬುದರಲ್ಲೇ ವ್ಯತ್ಯಾಸ. ಐಸ್‌ಕ್ರೀಮ್ ಬೇಸಿಗೆಯ ಮಾತು, ಮಳೆಗಾಲಕ್ಕೆ ಬೇರೆ ಲೆಕ್ಕ ಹಾಕಬೇಕೆಂಬುದೂ ಗಮನದಲ್ಲಿರಲಿ. ಕರೆಂಟು ಕೈಕೊಟ್ಟ ದಿನ ಫ್ರೀಜರಿನಲ್ಲಿ ಕರಗಿದ ಸರಕು ಯಾರ ಪಾಲಿಗೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು.

ನಮ್ಮ ಕಡೆ ಮನಸ್ಸಿಗೆ ಮೊದಲು ಬರುವುದು ನಂದಿನಿಯೇ. ಏಜೆನ್ಸಿ ಕೇಳುವವರು ತುಮಕೂರು ಹಾಲು ಒಕ್ಕೂಟದ ಮಲ್ಲಸಂದ್ರದ ಕಚೇರಿಗೆ ತಾವೇ ಹೋಗಿ ಮಾರುಕಟ್ಟೆ ವಿಭಾಗದಲ್ಲಿ ವಿಚಾರಿಸುವುದು ಒಳ್ಳೆಯದು. ತಿಪಟೂರಿನಿಂದ ತುಮಕೂರಿಗೆ ಹೋಗುವ ಬಿ.ಎಚ್. ರಸ್ತೆಯಲ್ಲೇ ಇದೆ. ಆದರೆ ಊರೊಳಗೆ ಪಾರ್ಲರ್ ಇಡುವ ಮುನ್ನ ಒಂದು ಮಾತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವನು ಸಂಜೆ ಪ್ಯಾಕೆಟ್ ಹಾಲು ಕೊಳ್ಳುತ್ತಾನೆಯೇ? ಇಂಥ ಅಂಗಡಿ ನಡೆಯಬೇಕಾದರೆ ಕೆ.ಬಿ. ಕ್ರಾಸಿನಂಥ ಕೂಡುರಸ್ತೆ, ಹುಳಿಯಾರು, ನೊಣವಿನಕೆರೆ, ಮಾಯಸಂದ್ರದಂಥ ಹೋಬಳಿ ಊರು, ಕಾಲೇಜು ಅಥವಾ ಬಸ್ ನಿಲ್ದಾಣದ ಎದುರು ಬೇಕು.

ಕಡಿಮೆ ಬಂಡವಾಳದ ಇನ್ನೊಂದು ದಾರಿ ಸೇವಾ ಕೇಂದ್ರಗಳದು. ರಾಜ್ಯ ಸರ್ಕಾರ 2022ರ ಜನವರಿ 26ರಂದು ಮೊದಲಿಗೆ 12 ಜಿಲ್ಲೆಗಳಲ್ಲಿ ತೆರೆದ ಗ್ರಾಮ ಒನ್ ಕೇಂದ್ರಗಳನ್ನು ಫ್ರಾಂಚೈಸಿ ಪದ್ಧತಿಯಲ್ಲೇ ಊರಿನವರಿಗೆ ವಹಿಸಲಾಯಿತು. ಅಂಚೆ ಇಲಾಖೆಯಲ್ಲೂ ಇಂಥ ಏರ್ಪಾಡಿದೆ. ಠೇವಣಿ ಸಾವಿರಗಳ ಲೆಕ್ಕದ್ದು, ಗಳಿಕೆ ಕಾಗದಕ್ಕಿಷ್ಟು ಎಂದು. ಎರಡರಲ್ಲೂ ಸರಕು ಕೆಡುವ ಭಯವಿಲ್ಲ. ಆದರೆ ಊರಿಗೆ ಒಂದು ಕೇಂದ್ರವಿದ್ದರೆ ಎರಡನೆಯದಕ್ಕೆ ಕೆಲಸವಿರುವುದಿಲ್ಲ. ಗೊಬ್ಬರ, ಔಷಧದ ಮಾರಾಟಕ್ಕೆ ಕೈ ಹಾಕುವವರು ಪರವಾನಗಿಗೆ ನಿಗದಿಪಡಿಸಿರುವ ವಿದ್ಯಾರ್ಹತೆಯನ್ನು ತಾಲ್ಲೂಕು ಕೃಷಿ ಕಚೇರಿಯಲ್ಲಿ ಕೇಳಿ ತಿಳಿದ ಮೇಲೆಯೇ ಮಳಿಗೆಗೆ ಮುಂಗಡ ಕೊಡಬೇಕು. ಅನುಭವ ಎಷ್ಟೇ ಇರಲಿ, ಅಲ್ಲಿ ಪ್ರಮಾಣಪತ್ರ ಕೇಳುತ್ತಾರೆ.

ಮೋಸದ ಬಲೆ

ಹಣ ಹೋಗುವುದು ವ್ಯಾಪಾರ ಕೆಟ್ಟು ಮಾತ್ರವಲ್ಲ, ವ್ಯಾಪಾರ ಶುರುವಾಗುವ ಮೊದಲೇ ಹೋಗುವುದುಂಟು. ಹೆಸರಾಂತ ಕಂಪನಿಯ ಮುದ್ರೆ ಹಾಕಿದ ಅರ್ಜಿ ಫೋನಿಗೆ ಬರುತ್ತದೆ. ನೋಂದಣಿಗೆ ಇಷ್ಟು, ಮಂಜೂರಾತಿಗೆ ಅಷ್ಟು ಎಂದು ಒಂದೊಂದೇ ಕಂತು ಕೇಳುತ್ತಾರೆ. ಅಮುಲ್ ಹೆಸರಿನಲ್ಲೇ ನಕಲಿ ಜಾಲತಾಣ ತೆರೆದು ಜನರಿಂದ ಹಣ ಕಿತ್ತವರ ವಿರುದ್ಧ ಆ ಸಂಸ್ಥೆ 2020ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. ಕಂಪನಿಯ ಕಚೇರಿಯನ್ನು ಕಣ್ಣಾರೆ ಕಾಣದೆ, ಅವರ ಅಂಗಡಿ ನಡೆಸುತ್ತಿರುವ ಇಬ್ಬರು ಮೂವರ ಜತೆ ಕೂತು ಮಾತಾಡದೆ ಒಂದು ರೂಪಾಯಿಯನ್ನೂ ಕಳಿಸಬಾರದು. ಕಳಿಸಿ ಮೋಸ ಹೋಗಿದ್ದರೆ ನಾಚಿ ಕೂರದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯಲು ಸಾಧ್ಯವಾದೀತು.

ಅಮೆರಿಕದಲ್ಲಿ 1979ರಿಂದ ಒಂದು ನಿಯಮವಿದೆ: ಫ್ರಾಂಚೈಸಿ ಮಾರುವವನು ತನ್ನ ವ್ಯಾಜ್ಯ, ಶುಲ್ಕ, ಹಿಂದಿನ ಚರಿತ್ರೆಯೆಲ್ಲವನ್ನೂ ಕೊಳ್ಳುವವನಿಗೆ ಮೊದಲೇ ಬರೆದು ಕೊಡಬೇಕು. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆಯೇ ಆಧಾರ; ಎಂದರೆ ಕರಾರುಪತ್ರದಲ್ಲಿ ಬರೆದದ್ದೇ ನ್ಯಾಯ. ಆದ್ದರಿಂದ ಅದನ್ನು ತಿಪಟೂರಿನ ಯಾವುದಾದರೂ ವಕೀಲರಿಗೆ ತೋರಿಸಿ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು. ಭದ್ರತಾ ಹಣವೆಂಬ ಹೆಸರಿದ್ದ ಮಾತ್ರಕ್ಕೆ ಅದು ಹಿಂದಿರುಗುತ್ತದೆಂದು ತಿಳಿಯಬಾರದು. ಅವಧಿ ಮೀರಿದ ಸರಕು ಹಿಂದಕ್ಕೆ ಹೋಗುವುದೋ ಇಲ್ಲವೋ, ಇದೇ ಬೀದಿಯಲ್ಲಿ ಇನ್ನೊಬ್ಬನಿಗೆ ಕೊಡುವುದಿಲ್ಲವೆಂಬ ಮಾತು ಬರಹದಲ್ಲಿದೆಯೋ ನೋಡಬೇಕು. ಕಡೆಯ ಪುಟದಲ್ಲಿ ‘ವ್ಯಾಜ್ಯ ಬಂದರೆ ದಿಲ್ಲಿ ನ್ಯಾಯಾಲಯ’ ಎಂದಿರುವುದುಂಟು. ಐವತ್ತು ಸಾವಿರದ ಬಾಕಿಗೆ ದಿಲ್ಲಿಗೆ ಎಷ್ಟು ಸಲ ಹೋಗಿ ಬರಲಾದೀತು?

ಇಷ್ಟಾದ ಮೇಲೂ ಮನಸ್ಸು ಗಟ್ಟಿಯಿದ್ದರೆ, ಕೈಲಿರುವ ಹಣದಲ್ಲಿ ತೋಟದ ಗೊಬ್ಬರ ಮತ್ತು ಆಳಿನ ಖರ್ಚನ್ನು ಮೊದಲು ತೆಗೆದಿಡಬೇಕು. ಆರು ತಿಂಗಳ ಬಾಡಿಗೆ ಮತ್ತು ಕರೆಂಟಿನ ಬಾಬ್ತು ಬೇರೆ ಇರಬೇಕು. ಏಕೆಂದರೆ ಮುಂದಿನ ಕೊಬ್ಬರಿ ಅಟ್ಟದಿಂದ ಇಳಿಯುವುದು ವರ್ಷದ ಮೇಲೆ. ಬಾಡಿಗೆ ತಿಂಗಳಿಗೊಮ್ಮೆ ಬರುತ್ತದೆ. ಮಿಕ್ಕದ್ದು ಎಷ್ಟೋ ಅಷ್ಟರ ಅಂಗಡಿ. ಮುಂಗಡ ಕೊಡುವ ಮುನ್ನ ಒಂದು ವಾರ ಮಗನನ್ನು ಆ ಜಾಗದಲ್ಲಿ ಕೂರಿಸಿ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಷ್ಟು ಜನ ನಡೆದುಹೋದರು, ಪಕ್ಕದ ಅಂಗಡಿಗೆ ಎಷ್ಟು ಮಂದಿ ಹತ್ತಿದರು ಎಂದು ಎಣಿಸಿ ಬರೆಸಬೇಕು. ಸಂತೆಯ ದಿನದ ಎಣಿಕೆಯನ್ನು ಬೇರೆಯಾಗಿಯೇ ಇಡಬೇಕು; ಅದನ್ನು ಉಳಿದ ಆರು ದಿನಕ್ಕೆ ಹಂಚಿ ನೋಡುವುದು ಬೇಡ.