ಎದೆಗೂಡಿನೊಳಗಿನ ಕೀವು: ಇಳಿಯದ ಜ್ವರದ ಎಚ್ಚರಿಕೆ

ಕಾಯಕಕ್ಕೂ ಇಷ್ಟಲಿಂಗಪೂಜೆಗೂ ಆರೋಗ್ಯವಂತ ಕಾಯವೇ ಆಧಾರ. ಕದ್ರಿಯ ಪರಿಸರದಲ್ಲಿ ಮಳೆಗಾಲದ ಜ್ವರ, ಕೆಮ್ಮು ಸಾಮಾನ್ಯವೆಂದು ನಾವು ಅಲಕ್ಷಿಸುತ್ತೇವೆ. ಅವುಗಳ ಮರೆಯಲ್ಲಿ ಬೆಳೆಯಬಹುದಾದ ಒಂದು ಗಂಭೀರ ವ್ಯಾಧಿಯನ್ನು ಸದ್ಭಕ್ತರು ಅರಿತಿರುವುದು ಒಳಿತು.

ಶ್ವಾಸಕೋಶವನ್ನು ಎರಡು ಪದರಗಳ ತೆಳುವಾದ ಪೊರೆಯು ಆವರಿಸಿದೆ. ಪದರಗಳ ನಡುವೆ ಒಂದೆರಡು ಚಮಚೆಯಷ್ಟು ದ್ರವವಿದ್ದು, ಉಸಿರಾಟ ಸರಾಗವಾಗುತ್ತದೆ. ನ್ಯುಮೋನಿಯಾ ಬಂದಾಗ ಈ ದ್ರವ ಹೆಚ್ಚುತ್ತದೆ. ರೋಗಾಣುಗಳು ಸೇರಿದರೆ ಕೀವಾಗುತ್ತದೆ. ವೈದ್ಯರು ಇದನ್ನು ಎಂಪೈಮಾ ಎನ್ನುತ್ತಾರೆ. ಮೊದಲು ತೆಳುವಾಗಿರುವ ದ್ರವವು ಕೆಲವು ದಿನಗಳಲ್ಲಿ ಗಟ್ಟಿಯಾಗಿ ಗೂಡುಗೂಡಾಗುತ್ತದೆ. ವಾರಗಳು ಕಳೆದರೆ ದಪ್ಪ ಸಿಪ್ಪೆಯಾಗಿ ಶ್ವಾಸಕೋಶವನ್ನು ಬಿಗಿಯುತ್ತದೆ. ಆರಂಭದಲ್ಲಿ ಎದೆಗೆ ನಳಿಕೆಯನ್ನು ಹಾಕಿ ಕೀವನ್ನು ಹೊರತೆಗೆದರೆ ಸಾಕಾಗಬಹುದು. ತಡವಾದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಔಷಧವೊಂದರಿಂದಲೇ ಕೂಡಿಟ್ಟ ಕೀವು ಕರಗುವುದು ವಿರಳ. ಆದುದರಿಂದ ನಳಿಕೆಗೆ ಅಂಜಬಾರದು.

ಕ್ಷಯರೋಗವೂ ಇದಕ್ಕೆ ಕಾರಣವಾಗಬಲ್ಲದು. ಕರಾವಳಿಯಲ್ಲಿ ಇನ್ನೊಂದು ಕಾರಣವಿದೆ: ಮೆಲಿಯಾಯ್ಡೋಸಿಸ್. ಮಣ್ಣು ಮತ್ತು ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ ಬರುವ ಈ ರೋಗವು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮಧುಮೇಹಿಗಳನ್ನು ಹೆಚ್ಚಾಗಿ ಬಾಧಿಸುತ್ತದೆ. ಲಕ್ಷಣಗಳು ಕ್ಷಯದಂತೆಯೇ ಇರುವುದರಿಂದ ಕೆಲವೊಮ್ಮೆ ಕ್ಷಯವೆಂದೇ ಭಾವಿಸಿ ಚಿಕಿತ್ಸೆ ನಡೆಯುತ್ತದೆ. ಆದರೆ ಇದರ ಔಷಧಗಳು ಬೇರೆ: ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ, ಅನಂತರ ಕನಿಷ್ಠ 3 ತಿಂಗಳು ಮಾತ್ರೆಗಳು. ರಕ್ತ, ಕಫ ಅಥವಾ ಕೀವಿನ ಕಲ್ಚರ್ ಪರೀಕ್ಷೆಯಿಂದಲೇ ರೋಗಾಣುವಿನ ನಿಜವಾದ ಗುರುತು ಸಿಗುತ್ತದೆ.

ಔಷಧ ಆರಂಭಿಸಿ 2–3 ದಿನ ಕಳೆದರೂ ಜ್ವರ ಇಳಿಯದಿರುವುದು, ಉಸಿರೆಳೆದಾಗ ಎದೆಯ ಪಕ್ಕದಲ್ಲಿ ಚುಚ್ಚುನೋವು, ಏದುಸಿರು, ತೂಕ ಕುಗ್ಗುವುದು, ರಾತ್ರಿ ಬೆವರುವುದು ಇವು ಎಚ್ಚರಿಕೆಯ ಗುರುತುಗಳು. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಂಡು ಎದೆಯ ಎಕ್ಸ್‌ರೇ ಮಾಡಿಸಬೇಕು. ದ್ರವವಿದೆಯೆಂಬ ಸಂದೇಹವಿದ್ದರೆ ಸ್ಕ್ಯಾನಿಂಗ್‌ನಿಂದ ಅದು ನಿಶ್ಚಯವಾಗುತ್ತದೆ. ತೀವ್ರ ಏದುಸಿರಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯು ಕದ್ರಿಯಿಂದ ಹೆಚ್ಚು ದೂರವಿಲ್ಲ.

ಮಧುಮೇಹವುಳ್ಳವರು ಸಕ್ಕರೆಯನ್ನು ಹತೋಟಿಯಲ್ಲಿಡಬೇಕು. ತೋಟ, ಗದ್ದೆಗಳ ಕೆಸರಿನಲ್ಲಿ ದುಡಿಯುವಾಗ ಗಂಬೂಟು ಧರಿಸಿ, ಗಾಯಗಳನ್ನು ಮುಚ್ಚಿಕೊಳ್ಳಬೇಕು. ವೈದ್ಯರು ಹೇಳಿದಷ್ಟು ಕಾಲ ಔಷಧವನ್ನು ಪೂರ್ಣವಾಗಿ ಸೇವಿಸಬೇಕು. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು.