ನಿಮಗಿದು ಗೊತ್ತೆ? ಫ್ರಿಜ್ ‘ಟಕ್’ ಎನ್ನುವುದೇಕೆ?
ಅಂಜನಾದ್ರಿ ಬೆಟ್ಟದ ಬಳಿಯ ಹನುಮನಹಳ್ಳಿಯಿರಲಿ, ಗಂಗಾವತಿ ಪೇಟೆಯಿರಲಿ, ಕರೆಂಟ್ ಹೋಗಿ ಬಂದ ಮೇಲೆ ಕೆಲವು ಮನೆಗಳ ಫ್ರಿಜ್‌ನಲ್ಲಿ ಲೈಟ್ ಉರಿಯುತ್ತದೆ, ತಂಪು ಮಾತ್ರ ಇಲ್ಲ. ಹಿಂದಿನಿಂದ ಆಗಾಗ ‘ಟಕ್’ ಸದ್ದು. ಕಂಪ್ರೆಸರ್ ಸುಟ್ಟಿತೆಂದು ಗಾಬರಿ ಬೀಳಬೇಡಿ. ಎಷ್ಟೋ ಸಲ ತಪ್ಪು ಅದಕ್ಕೆ ಅಂಟಿಕೊಂಡು, ಅದರ ಮೋಟರನ್ನು ಚಾಲೂ ಮಾಡಿಸುವ ಪಿಟಿಸಿ ರಿಲೇಯದ್ದು.

ಅದರೊಳಗಿರುವುದು ಬೇರಿಯಂ ಟೈಟನೇಟ್ ಪಿಂಗಾಣಿಯ, ನಾಣ್ಯದಷ್ಟೇ ದೊಡ್ಡ ಬಿಲ್ಲೆ. ತಣ್ಣಗಿದ್ದಾಗ ಸ್ಟಾರ್ಟಿಂಗ್ ವೈಂಡಿಂಗಿಗೆ ವಿದ್ಯುತ್ ಬಿಡುತ್ತದೆ; ಕ್ಷಣದಲ್ಲೇ ತಾನೇ ಕಾದು ಆ ದಾರಿಯನ್ನು ಹೆಚ್ಚುಕಡಿಮೆ ಮುಚ್ಚುತ್ತದೆ. ಸವೆಯುವ ಸ್ವಿಚ್ಚೇ ಇಲ್ಲ! ಆದರೆ ಮತ್ತೆ ತಣ್ಣಗಾಗಲು ಕೆಲವು ನಿಮಿಷ ಬೇಕು. ಅಷ್ಟರೊಳಗೆ ಕರೆಂಟ್ ಬಂದರೆ ಮೋಟರ್ ತಿರುಗಲಾರದೆ ಗುಂಯ್‌ಗುಡುತ್ತದೆ, ಓವರ್‌ಲೋಡ್ ಪ್ರೊಟೆಕ್ಟರ್ ‘ಟಕ್’ ಎಂದು ಸಂಪರ್ಕ ಕಡಿಯುತ್ತದೆ. ವೋಲ್ಟೇಜ್ 230ಕ್ಕಿಂತ ತೀರಾ ಇಳಿದಾಗಲೂ ಇದೇ ಸದ್ದು, ಮೊದಲು ಅದನ್ನು ನೋಡಿ.

ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಆಗಲೂ ಹಟ ಬಿಡದಿದ್ದರೆ ಮೆಕ್ಯಾನಿಕ್‌ ಕರೆಸಿ. ರಿಲೇ ಕಿತ್ತು ಅಲುಗಾಡಿಸಿದಾಗ ಗಲಗಲ ಎಂದರೆ ಬಿಲ್ಲೆ ಒಡೆದಿದೆ ಎಂದೇ ಅರ್ಥ. ಹೊಸ ರಿಲೇ ಹಾಕಿಸುವ ಮೊದಲೇ ಕಂಪ್ರೆಸರ್ ಬದಲಿಸಲು ಒಪ್ಪಬೇಡಿ. ಅಂದಹಾಗೆ, ಇನ್ವರ್ಟರ್ ಕಂಪ್ರೆಸರ್‌ ಇರುವ ಫ್ರಿಜ್‌ಗಳಲ್ಲಿ ಈ ರಿಲೇ ಇರುವುದಿಲ್ಲ.